ಮೊದಲ ಅಚ್ಚು ಮತ್ತು ಆಪ್ತವಾಕ್ಯ

ಹಳೆಯ ಪುಸ್ತಕಗಳನ್ನು ಸಂಗ್ರಹಿಸುವವರಲ್ಲಿ ಒಂದು ವಿಚಿತ್ರವಾದ ಮೋಹವುಂಟು. ಗ್ರಂಥವೊಂದು ಹತ್ತು ಸಾರಿ ಅಚ್ಚಾಗಿರಬಹುದು. ಹತ್ತನೆಯ ಅಚ್ಚಿನಲ್ಲಿ ತಪ್ಪುಗಳೆಲ್ಲ ತಿದ್ದಲ್ಪಟ್ಟು, ಕಾಗದವು ಗಟ್ಟಿಯಾಗಿ, ಅಕ್ಷರವು ದುಂಡಾಗಿ, ಬೆಲೆಯೂ ಅಗ್ಗವಾಗಿರಬಹುದು. ಆದರೂ ಅವರ ಮನಸ್ಸು ಅದರ ಕಡೆಗೆ ತಿರುಗುವುದಿಲ್ಲ. ಹುಳು ತಿಂದು, ಅಂಚು ಮುರಿದು, ಮುಟ್ಟಿದರೆ ಉದುರುವ ಮೊದಲನೆಯ ಅಚ್ಚಿನ ಪ್ರತಿಯೇ ಅವರಿಗೆ ಬೇಕು. ಅದಕ್ಕಾಗಿ ಅವರು ನೂರುಮಡಿ ಬೆಲೆಯನ್ನು ಕೊಡಲು ಹಿಂಜರಿಯುವುದಿಲ್ಲ. ಓದಲು ಬಾರದ ಪುಸ್ತಕಕ್ಕೆ ಓದಬಲ್ಲ ಪುಸ್ತಕಕ್ಕಿಂತ ಹೆಚ್ಚಿನ ಬೆಲೆಯೇಕೆಂದು ಲೋಕದವರು ನಗುವುದು ಸಹಜವೇ ಸರಿ.

ಈ ನಗುವಿನ ಹಿಂದೆ ಒಂದು ಗಂಭೀರವಾದ ಪ್ರಶ್ನೆಯಿದೆ. ಎರಡು ಪ್ರತಿಗಳಲ್ಲಿ ಮಾತು ಒಂದೇ, ಅಕ್ಷರದ ಆಕಾರ ಒಂದೇ, ಪುಟಗಳ ಸಂಖ್ಯೆ ಒಂದೇ ಆಗಿರುವಾಗ, ಒಂದನ್ನು ಅಸಲೆಂದೂ ಇನ್ನೊಂದನ್ನು ನಕಲೆಂದೂ ಕರೆಯುವುದರಲ್ಲಿ ಅರ್ಥವೇನು? ಯಾರಿಗೂ ತಿಳಿಯದಂತೆ ನಕಲೇ ಅಸಲಿನ ಜಾಗದಲ್ಲಿ ಕುಳಿತರೆ, ಕೊಂಡವನೂ ಸಂತೋಷದಿಂದಿದ್ದರೆ, ಅಲ್ಲಿ ನಷ್ಟವಾದುದು ಯಾವುದು? ಈ ಪ್ರಶ್ನೆಯನ್ನು ನಾನು ಪಾಂಡಿತ್ಯದ ವಿನೋದಕ್ಕಾಗಿ ಎತ್ತಿಕೊಂಡವನಲ್ಲ. ಅದು ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು. ಅದಕ್ಕೆ ಕಾರಣವಾದ ಒಂದು ತಪ್ಪು ನನ್ನದೇ ಆಗಿದ್ದಿತಾದುದರಿಂದ ಅದನ್ನು ವಾಚಕರ ಮುಂದೆ ಹೇಳಿಕೊಳ್ಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ನನಗೆ ಕನ್ನಡವನ್ನು ಕಲಿಸಿದ ಗುರುಗಳ ಬಳಿಯಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನ ಒಂದು ಪ್ರತಿಯಿದ್ದಿತು. ಈ ಮಹಾಗ್ರಂಥವು ಮೊದಲು ಅಚ್ಚಾದುದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ನಿನವರಿಂದ. ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳ ಆ ಹೊತ್ತಿಗೆಯನ್ನು ಕೈಯಲ್ಲಿ ಎತ್ತಿದವರು ಅದರ ಭಾರವನ್ನು ಮರೆಯಲಾರರು. ಗುರುಗಳ ಪ್ರತಿಗೆ ಚರ್ಮದ ಹೊದಿಕೆಯಿದ್ದು, ಮುಖಪತ್ರದಲ್ಲಿ 1894 ಎಂಬ ವರ್ಷವು ಸ್ಪಷ್ಟವಾಗಿ ಕಾಣುತ್ತಿದ್ದಿತು. ಮನೆಗೆ ಬಂದವರು, “ಇದು ಮೊದಲನೆಯ ಅಚ್ಚಿನದಲ್ಲವೆ?” ಎಂದು ಕೇಳಿದರೆ ಅವರು ಹೌದೆಂದೂ ಹೇಳುತ್ತಿರಲಿಲ್ಲ, ಅಲ್ಲವೆಂದೂ ಹೇಳುತ್ತಿರಲಿಲ್ಲ; ಸುಮ್ಮನೆ ನಗುತ್ತಿದ್ದರು. ಅವರಿಗೆ ಎಪ್ಪತ್ತು ವರ್ಷ ತುಂಬಿದಾಗ ಶಿಷ್ಯರೆಲ್ಲ ಸೇರಿ ಹೊರತಂದ ಅಭಿನಂದನ ಸಂಪುಟದಲ್ಲಿ ನಾನೊಂದು ಲೇಖನವನ್ನು ಬರೆದೆನು. ಅದರಲ್ಲಿ, ಕಿಟ್ಟೆಲರ ನಿಘಂಟಿನ ಪ್ರಥಮ ಮುದ್ರಣದ ಪ್ರತಿಯೊಂದು ನಮ್ಮ ಗುರುಗಳ ಭಂಡಾರದಲ್ಲಿದೆಯೆಂದು ಅಭಿಮಾನದಿಂದ ಬರೆದುಬಿಟ್ಟೆನು. ಪರೀಕ್ಷಿಸಿ ಬರೆದುದಲ್ಲ, ಮುಖಪತ್ರವನ್ನು ನೋಡಿದ್ದೆ, ಗುರುಗಳನ್ನು ಬಲ್ಲೆ, ಅಷ್ಟೇ ಸಾಕೆಂದು ಎಣಿಸಿದೆನು.

ಗುರುಗಳು ಕಾಲವಾದರು. ಅವರ ಮಗನು ನನಗಿಂತ ಹತ್ತು ವರ್ಷ ಕಿರಿಯ. ಚಿಕ್ಕಂದಿನಿಂದಲೂ ನನ್ನನ್ನು ಅಣ್ಣನೆಂದೇ ಕರೆಯುವವನು. ಮಗಳ ಓದಿನ ವೆಚ್ಚಕ್ಕೆ ಹಣ ಸಾಲದೆ ಬಂದಾಗ ಅವನು ಆ ನಿಘಂಟನ್ನು ಮಾರಲು ನಿಶ್ಚಯಿಸಿದನು. ಕೊಳ್ಳುವವರು, ಪ್ರಥಮ ಮುದ್ರಣವೆಂಬುದಕ್ಕೆ ಬಲ್ಲವರೊಬ್ಬರ ಪತ್ರ ಬೇಕೆಂದರಂತೆ. ಅವನು ಪುಸ್ತಕವನ್ನೂ ಆ ಅಭಿನಂದನ ಸಂಪುಟವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬಂದು, “ಅಣ್ಣಾ, ನೀವು ಹಿಂದೆ ಬರೆದುದನ್ನೇ ಎರಡು ಸಾಲಿನಲ್ಲಿ ಬರೆದು ರುಜು ಹಾಕಿಕೊಟ್ಟರೆ ಸಾಕು” ಎಂದನು. ಎರಡು ದಿನ ಪುಸ್ತಕವನ್ನು ನನ್ನಲ್ಲಿ ಬಿಟ್ಟು ಹೋಗೆಂದು ನಾನು ಕೇಳಿಕೊಂಡೆನು.

ಇಲ್ಲಿ ಕಥೆಯನ್ನು ನಿಲ್ಲಿಸಿ, ಪುಸ್ತಕವೊಂದು ಮೊದಲ ಅಚ್ಚಿನದೆಂಬುದನ್ನು ತಿಳಿಯುವ ಬಗೆಯೇನೆಂಬುದನ್ನು ಸ್ವಲ್ಪ ವಿಚಾರಿಸೋಣ.

ಮುಖಪತ್ರದ ಮೇಲಿನ ವರ್ಷವೇ ಪ್ರಮಾಣವೆಂದು ಸಾಮಾನ್ಯರು ತಿಳಿಯುತ್ತಾರೆ. ಆದರೆ ಮುಖಪತ್ರವು ಪುಸ್ತಕವು ತನ್ನ ವಿಷಯದಲ್ಲಿ ತಾನೇ ಹೇಳಿಕೊಳ್ಳುವ ಮಾತು. ನ್ಯಾಯಸ್ಥಾನದಲ್ಲಿ ವಾದಿಯ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ಅದಕ್ಕೆ. ಆದುದರಿಂದ ಬಲ್ಲವರು ಪುಸ್ತಕವು ಹೇಳುವ ಮಾತನ್ನು ಬದಿಗಿಟ್ಟು, ಅದು ಹೇಳಲು ಉದ್ದೇಶಿಸದೆಯೇ ತೋರಿಸಿಕೊಡುವ ಗುರುತುಗಳನ್ನು ಹುಡುಕುತ್ತಾರೆ. ಡಾರ್ವಿನ್ನರ ಜೀವಜಾತಿಗಳ ಉತ್ಪತ್ತಿಯನ್ನು ಕುರಿತ ಗ್ರಂಥವು ಲಂಡನ್ನಿನಲ್ಲಿ 1859ನೆಯ ಇಸವಿ ನವೆಂಬರ್ 24ರಂದು ಹೊರಬಿದ್ದಿತು; ಅಚ್ಚಾದ ಪ್ರತಿಗಳು 1,250. ಆ ಮೊದಲ ಅಚ್ಚಿನ 20ನೆಯ ಪುಟದ 11ನೆಯ ಸಾಲಿನಲ್ಲಿ ‘ಸ್ಪೀಷೀಸ್’ ಎಂಬ ಶಬ್ದಕ್ಕೆ ‘ಇ’ ಎಂಬ ಇಂಗ್ಲಿಷ್ ಅಕ್ಷರವೊಂದು ಹೆಚ್ಚಾಗಿ ಬಿದ್ದಿದೆ. ಗ್ರಂಥದ ಹೆಸರಿನಲ್ಲಿಯೇ ಇರುವ ಶಬ್ದಕ್ಕೆ ಗ್ರಂಥದ ಒಳಗೆ ಈ ಅಪಚಾರ! ಮುಂದಿನ ಅಚ್ಚಿನಲ್ಲಿ ಅದನ್ನು ತಿದ್ದಿದರು. ಇಂದು ಸಂಗ್ರಾಹಕರು ಮೊದಲು ತೆರೆದು ನೋಡುವ ಗುರುತುಗಳಲ್ಲಿ ಆ ತಪ್ಪು ಒಂದು. ಮೊಳೆ ಜೋಡಿಸಿದವನ ಕೈತಪ್ಪು ಯಾರನ್ನೂ ನಂಬಿಸಲು ಬಿದ್ದುದಲ್ಲವಾದುದರಿಂದಲೇ ಅದು ನಂಬಿಕೆಗೆ ಅರ್ಹವಾಯಿತು. ಮನುಷ್ಯನ ವಿಷಯದಲ್ಲಿಯೂ ಹೀಗೆಯೇ ಅಲ್ಲವೆ? ಅವನು ತನ್ನ ಗುಣವನ್ನು ವರ್ಣಿಸುವ ಮಾತಿಗಿಂತ, ಎಚ್ಚರದಪ್ಪಿದಾಗ ಅವನಿಂದ ಹೊರಬೀಳುವ ನಡತೆಯೇ ಅವನ ನಿಜವನ್ನು ಹೇಳುತ್ತದೆ.

ಈ ವಿಧಾನವು ನಮ್ಮವರಿಗೆ ಹೊಸತೇನೂ ಅಲ್ಲ. ಪಶ್ಚಿಮ ಗಂಗರ ಹೆಸರಿನ ಹಲವು ತಾಮ್ರಶಾಸನಗಳನ್ನು ಫ್ಲೀಟ್ ಸಾಹೇಬರು ಕೂಟಶಾಸನಗಳೆಂದು ತಳ್ಳಿಹಾಕಿದುದೂ, ರೈಸ್ ಸಾಹೇಬರು ಅವುಗಳ ಪಕ್ಷವನ್ನು ಹಿಡಿದು ವಾದಿಸಿದುದೂ ಕರ್ಣಾಟಕದ ಇತಿಹಾಸವನ್ನು ಓದಿದವರಿಗೆ ತಿಳಿದ ವಿಷಯ. ಫ್ಲೀಟರ ಆಕ್ಷೇಪಣೆಯ ಮೂಲವು ಇಷ್ಟೆ: ಶಾಸನವು ಒಂದು ಕಾಲವನ್ನು ಹೇಳಿಕೊಳ್ಳುತ್ತಿರುವಾಗ ಅದರ ಲಿಪಿಯು ಬಹು ತಡವಾದ ಮತ್ತೊಂದು ಕಾಲವನ್ನು ತೋರಿಸುತ್ತದೆ, ತಿಥಿವಾರಗಳ ಗಣಿತವೂ ಸರಿಹೊಂದುವುದಿಲ್ಲ. ಮಾತು ಒಂದನ್ನು ಹೇಳಿದರೆ ಕೈಬರಹ ಇನ್ನೊಂದನ್ನು ಹೇಳುತ್ತದೆ. ಅಕ್ಷರಗಳೇ ಅಕ್ಷರಾರ್ಥಕ್ಕೆ ವಿರೋಧವಾಗಿ ಸಾಕ್ಷಿ ನುಡಿಯುವ ಈ ಚಮತ್ಕಾರವನ್ನು ಕಂಡವನಿಗೆ ಪಾಶ್ಚಾತ್ಯ ಪುಸ್ತಕಪರೀಕ್ಷಕರ ರೀತಿಯು ಅಪರಿಚಿತವೆನಿಸದು.

ಆ ರೀತಿಯ ಪರೀಕ್ಷೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಇಂಗ್ಲೆಂಡಿನಲ್ಲಿ 1934ರಲ್ಲಿ ನಡೆದುದು. ಥಾಮಸ್ ಜೇಮ್ಸ್ ವೈಸ್ ಎಂಬವರು ಆಗ ಇಂಗ್ಲಿಷ್ ಗ್ರಂಥಸೂಚಿಕಾರರಲ್ಲಿ ಅಗ್ರಗಣ್ಯರು. ಸುಗಂಧತೈಲದ ವ್ಯಾಪಾರದಲ್ಲಿ ಹಣವನ್ನು ಗಳಿಸಿ, ಆಷ್ಲೆ ಲೈಬ್ರರಿ ಎಂಬ ಅಪೂರ್ವವಾದ ಪುಸ್ತಕಭಂಡಾರವನ್ನು ಕೂಡಿಸಿದವರು; ಲಂಡನ್ನಿನ ಗ್ರಂಥಸೂಚಿ ಸಂಘದ ಅಧ್ಯಕ್ಷರಾಗಿದ್ದವರು; ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಗೌರವ ಪದವಿಯನ್ನು ಪಡೆದವರು. ಕವಿಗಳ ಗ್ರಂಥಗಳಿಗೆ ಅವರು ಬರೆದ ಸೂಚಿಗಳೇ ಎಲ್ಲರಿಗೂ ಆಧಾರ. ಯಾವುದೊಂದು ಪುಸ್ತಕವು ಮೊದಲ ಅಚ್ಚೆಂದು ಅವರು ಹೇಳಿದರೆ ಅದರ ಮೇಲೆ ಮಾತಿಲ್ಲ.

ಅವರ ಸೂಚಿಗಳಿಂದ ಖ್ಯಾತಿಗೆ ಬಂದ ಅಪೂರ್ವ ವಸ್ತುಗಳಲ್ಲಿ ಒಂದು, ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಎಂಬ ಕವಯಿತ್ರಿಯ ಪ್ರೇಮ ಸುನೀತಗಳ ಸಣ್ಣ ಪುಸ್ತಿಕೆ. ಆ ಸುನೀತಗಳು 1850ರಲ್ಲಿ ಆಕೆಯ ಕವನಸಂಗ್ರಹದಲ್ಲಿ ಮೊದಲು ಪ್ರಕಟವಾದುವೆಂದು ಎಲ್ಲರೂ ತಿಳಿದಿದ್ದರು. ಈ ಪುಸ್ತಿಕೆಯಾದರೋ ರೆಡಿಂಗ್ ಎಂಬ ಊರಿನಲ್ಲಿ 1847ರಲ್ಲಿ, ಮಾರಾಟಕ್ಕಲ್ಲದೆ ಸ್ನೇಹಿತರಿಗಾಗಿ ಅಚ್ಚಾದುದೆಂದು ಹೇಳಿಕೊಳ್ಳುತ್ತಿದ್ದಿತು. ಹಾಗಾದರೆ ಇದೇ ನಿಜವಾದ ಮೊದಲ ಅಚ್ಚೆಂದಾಯಿತು. ಗಾಸ್ ಎಂಬ ಹೆಸರಾಂತ ವಿಮರ್ಶಕರು 1894ರಲ್ಲಿ ಇದಕ್ಕೆ ಒಪ್ಪುವಂತಹ ಒಂದು ಸೊಗಸಾದ ಕಥೆಯನ್ನೂ ಬರೆದರು. ಪೀಸಾ ನಗರದಲ್ಲಿ, 1847ರಲ್ಲಿ, ಕವಯಿತ್ರಿಯು ನಾಚಿಕೆಯಿಂದ ಆ ಹಾಳೆಗಳನ್ನು ಪತಿಯ ಜೇಬಿನಲ್ಲಿ ತುರುಕಿ ಓಡಿಹೋದಳೆಂಬ ಚಿತ್ರವು ಓದುಗರ ಮನಸ್ಸನ್ನು ಸೂರೆಗೊಂಡಿತು. ಅಮೆರಿಕದ ಧನಿಕರು ಪುಸ್ತಿಕೆಯನ್ನು ಭಾರಿ ಬೆಲೆಗೆ ಕೊಂಡರು.

ಜಾನ್ ಕಾರ್ಟರ್ ಮತ್ತು ಗ್ರಹಾಮ್ ಪೊಲಾರ್ಡ್ ಎಂಬ ಇಬ್ಬರು ತರುಣರು ಪುಸ್ತಕದ ವ್ಯಾಪಾರದಲ್ಲಿದ್ದವರು. ಅವರಿಗೆ ಕೆಲವು ಸಂಗತಿಗಳು ವಿಚಿತ್ರವಾಗಿ ಕಂಡುವು. ಸ್ನೇಹಿತರಿಗೆಂದು ಅಚ್ಚಾದ ಪುಸ್ತಿಕೆಯ ಒಂದು ಪ್ರತಿಯಲ್ಲಿಯೂ ಕವಯಿತ್ರಿಯ ಹಸ್ತಾಕ್ಷರವಿಲ್ಲ. ಆಕೆಯ ಪತ್ರಗಳಲ್ಲಿ ಅದರ ಸುದ್ದಿಯಿಲ್ಲ. ಹಳೆಯ ಕಾಲದಲ್ಲಿ ಕಟ್ಟಿಸಿದ ರಟ್ಟಿನ ಪ್ರತಿಯಿಲ್ಲ. ಎಲ್ಲವೂ ಇತ್ತೀಚೆಗೆ ಪೆಟ್ಟಿಗೆಯಿಂದ ತೆಗೆದಂತೆ ನಿರ್ಮಲವಾಗಿವೆ. ಇವರು ಕಾಗದದ ಒಂದು ಸಣ್ಣ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷೆ ಮಾಡಿಸಿದರು. ಹಿಂದಿನ ಕಾಲದ ಕಾಗದವು ಚಿಂದಿಬಟ್ಟೆಯಿಂದ ಆಗುತ್ತಿದ್ದುದು. ಎಸ್ಪಾರ್ಟೋ ಎಂಬ ಹುಲ್ಲಿನ ನಾರು ಇಂಗ್ಲೆಂಡಿನ ಕಾಗದಕ್ಕೆ ಬಂದುದು 1861ರ ಸುಮಾರಿನಲ್ಲಿ. ರಸಾಯನದಿಂದ ಬೇಯಿಸಿದ ಮರದ ತಿರುಳು ಬಂದುದು 1874ರ ಹೊತ್ತಿಗೆ. 1847ರದೆಂದು ಹೇಳಿಕೊಂಡ ಆ ಪುಸ್ತಿಕೆಯ ಕಾಗದದಲ್ಲಿ ಮರದ ತಿರುಳಿದ್ದಿತು!

ಮೊಳೆಗಳೂ ಹೀಗೆಯೇ ಸಾಕ್ಷಿ ಹೇಳಿದುವು. ಇಂಗ್ಲಿಷಿನ ‘ಎಫ್’ ಮತ್ತು ‘ಜೆ’ ಅಕ್ಷರಗಳ ತುದಿಯು ಮೊಳೆಯ ಮೈಯಿಂದ ಹೊರಕ್ಕೆ ಚಾಚಿಕೊಂಡಿದ್ದು ಬೇಗನೆ ಮುರಿಯುತ್ತಿದ್ದುದರಿಂದ, ಚಾಚಿಲ್ಲದ ಹೊಸ ಆಕಾರವನ್ನು ಎರಕಹೊಯ್ಯಲಾರಂಭಿಸಿದರು. ಪುಸ್ತಿಕೆಯಲ್ಲಿ ಕಾಣುವ ಆ ಆಕಾರವು 1880ಕ್ಕೆ ಈಚಿನದು. ಆ ಮೊಳೆಗಳು ಯಾವ ಅಚ್ಚುಕೂಟದವು? ಅದನ್ನು ಕಂಡುಹಿಡಿದ ಬಗೆಯು ಇಡೀ ಕಥೆಯಲ್ಲಿ ಅತ್ಯಂತ ಸ್ವಾರಸ್ಯವಾದುದು. ಮ್ಯಾಥ್ಯೂ ಆರ್ನಲ್ಡ್ ಕವಿಯ ಒಂದು ಬಾಲ್ಯಕೃತಿಯ ಯಥಾಪ್ರತಿಯನ್ನು ವೈಸ್ ಅವರೇ 1893ರಲ್ಲಿ, ಯಥಾಪ್ರತಿಯೆಂದು ಬಹಿರಂಗವಾಗಿ ಹೇಳಿ, ಅಚ್ಚು ಹಾಕಿಸಿದ್ದರು. ಅದರಲ್ಲಿ ಅಚ್ಚುಕೂಟದ ಹೆಸರಿದ್ದಿತು. ಮೊಳೆಗಳೂ ಅವೇ ಆಗಿದ್ದುವು. ಪ್ರಾಮಾಣಿಕವಾದ ನಕಲೊಂದು ಅಪ್ರಾಮಾಣಿಕವಾದ ನಕಲುಗಳ ಗುಟ್ಟನ್ನು ಹೊರಗೆಡಹಿತು. ಪರೀಕ್ಷೆಗೊಳಗಾದ ಸುಮಾರು ಐವತ್ತು ಪುಸ್ತಿಕೆಗಳಲ್ಲಿ ಬಹುಪಾಲು ಕೃತ್ರಿಮವೆಂದೋ ಸಂಶಯಾಸ್ಪದವೆಂದೋ ಸಿದ್ಧವಾದುವು. ಅವುಗಳನ್ನು ಮಾರುಕಟ್ಟೆಗೆ ಬಿಟ್ಟ ಮೂಲವನ್ನು ಹುಡುಕುತ್ತ ಹೋದರೆ ದಾರಿಯು ವೈಸ್ ಅವರ ಬಾಗಿಲಿನಲ್ಲಿಯೇ ಕೊನೆಗೊಂಡಿತು. ವೈಸ್ ಅವರು ತಪ್ಪನ್ನು ಒಪ್ಪಿಕೊಳ್ಳದೆಯೇ 1937ರಲ್ಲಿ ಮರಣಹೊಂದಿದರು. ಹ್ಯಾರಿ ಬಕ್ಸ್‌ಟನ್ ಫಾರ್ಮನ್ ಎಂಬ ಇನ್ನೊಬ್ಬ ವಿದ್ವಾಂಸರೂ ಈ ಕೆಲಸದಲ್ಲಿ ಪಾಲುಗಾರರಾಗಿದ್ದರೆಂಬುದು ಮುಂದೆ ತಿಳಿದುಬಂದಿತು. ಬ್ರಿಟಿಷ್ ಮ್ಯೂಸಿಯಮ್ಮಿನ ಹಳೆಯ ನಾಟಕಗಳಿಂದ ಹಾಳೆಗಳನ್ನು ಕದ್ದು ವೈಸ್ ಅವರು ತಮ್ಮ ಪ್ರತಿಗಳನ್ನು ಪೂರ್ಣಮಾಡಿಕೊಂಡಿದ್ದರೆಂಬುದನ್ನು ಫಾಕ್ಸನ್ ಎಂಬ ಪರಿಶೋಧಕರು 1959ರಲ್ಲಿ ತೋರಿಸಿಕೊಟ್ಟರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಪುಸ್ತಿಕೆಗಳಿಂದ ಯಾರಿಗೆ ಏನು ನಷ್ಟವಾಯಿತು? ಕವಿತೆಯ ಸಾಲುಗಳು ಕೆಡಲಿಲ್ಲ. ಕೊಂಡವರು ಸಿರಿವಂತರು; ಅವರಿಗೆ ಹಣದ ಹಾನಿ ದೊಡ್ಡದಲ್ಲ. ಸುಳ್ಳು ತಿಳಿಯದೆ ಇದ್ದಷ್ಟು ಕಾಲ ಅವರ ಸಂತೋಷವು ನಿಜವಾದ ಸಂತೋಷವೇ ಆಗಿದ್ದಿತು. ಹೀಗೆ ವಾದಿಸುವವರುಂಟು, ಆ ವಾದದಲ್ಲಿ ಒಂದು ಅಂಶ ಸತ್ಯವೂ ಇದೆ. ಕವಿತೆಯ ಬೆಲೆ ಬೇರೆ, ಪ್ರತಿಯ ಬೆಲೆ ಬೇರೆ. ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಓಲೆಯ ಪ್ರತಿಯು ಜೀರ್ಣವಾಗುತ್ತ ಬಂದಂತೆ ಹೊಸ ಓಲೆಗೆ ಅದನ್ನು ಎತ್ತಿ ಬರೆದರು. ಕಾವ್ಯವು ಉಳಿದರೆ ಸಾಕೆಂದುಕೊಂಡರು. ಕವಿಯ ಸ್ವಹಸ್ತದ ಮೊದಲ ಓಲೆಯೇ ಬೇಕೆಂದು ಹಠಹಿಡಿದಿದ್ದರೆ ಪಂಪನಾಗಲಿ ರನ್ನನಾಗಲಿ ನಮಗೆ ದೊರೆಯುತ್ತಿರಲಿಲ್ಲ. ಮೊದಲ ಅಚ್ಚನ್ನು ಪೂಜಿಸಿ ಒಳಗಿನ ಗ್ರಂಥವನ್ನು ಓದದಿರುವವನು, ದೇವರನ್ನು ಬಿಟ್ಟು ಪ್ರಭಾವಳಿಗೆ ಕೈಮುಗಿಯುವವನಂತೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಇಷ್ಟರಿಂದ ವಾದವು ಪೂರ್ಣವಾಗುವುದಿಲ್ಲ. ಮೊದಲ ಅಚ್ಚಿನ ಪ್ರತಿಯು ಕವಿತೆಯಲ್ಲದಿದ್ದರೂ ಕವಿತೆಯ ಸಾಕ್ಷಿ. ಆ ಗ್ರಂಥವು ಲೋಕಕ್ಕೆ ಬಂದ ದಿನ ಅದು ಅಲ್ಲಿದ್ದಿತು. ಅಂದು ಯಾವ ಮಾತು ಹೇಗಿದ್ದಿತು, ಯಾವುದು ಆಮೇಲೆ ತಿದ್ದಿದ್ದು, ಯಾವುದು ಸೇರಿದ್ದು ಎಂಬುದನ್ನು ಅದು ಮಾತ್ರ ಹೇಳಬಲ್ಲುದು. ಅದರ ಬೆಲೆಯೆಲ್ಲವೂ ಈ ಸಾಕ್ಷಿತ್ವದಿಂದ ಬಂದುದು. ಆದುದರಿಂದ ಸುಳ್ಳು ಪ್ರತಿಯು ಸುಂದರವಾದ ಇನ್ನೊಂದು ಪ್ರತಿಯಲ್ಲ. ಅದು ಸುಳ್ಳು ಸಾಕ್ಷಿ. ಸುಳ್ಳು ಸಾಕ್ಷಿಯ ಕೇಡು ಅದನ್ನು ಕೊಂಡವನ ಮನೆಯಲ್ಲಿಯೇ ನಿಲ್ಲುವುದಿಲ್ಲ. ರೆಡಿಂಗಿನ ಪುಸ್ತಿಕೆಯಿಂದ ಒಬ್ಬ ಕವಯಿತ್ರಿಯ ಜೀವನಚರಿತ್ರೆಯೇ ತಿರುಚಿಹೋಯಿತು. ಆಕೆಯು ಆ ಸುನೀತಗಳನ್ನು ಪತಿಗೆ ತೋರಿಸಿದುದು 1849ರಲ್ಲಿ, ಬಾನ್ಯಿ ಡಿ ಲೂಕಾ ಎಂಬ ಊರಿನಲ್ಲಿ. ಮೂರು ವರ್ಷ ಒಂದೇ ಮನೆಯಲ್ಲಿದ್ದೂ ತನ್ನ ಅಂತರಂಗದ ಬರಹವನ್ನು ಗಂಡನಿಂದ ಮುಚ್ಚಿಟ್ಟುಕೊಂಡಿದ್ದ ಹೆಣ್ಣಿನ ಸಂಕೋಚಕ್ಕೂ, ಮದುವೆಯಾದ ಕೆಲವೇ ತಿಂಗಳಿಗೆ ಅದನ್ನು ಅಚ್ಚುಕೂಟಕ್ಕೆ ಕಳುಹಿಸಿಬಿಟ್ಟ ಹೆಣ್ಣಿನ ಸ್ವಭಾವಕ್ಕೂ ಅಂತರವಿಲ್ಲವೆ? ತನ್ನ ಪರವಾಗಿ ಮಾತನಾಡಲು ಬದುಕಿಲ್ಲದವಳ ಮೇಲೆ ಆಕೆ ಮಾಡದ ಕೆಲಸವೊಂದನ್ನು ಹೊರಿಸಿದಂತಾಯಿತು. ಮನುಸ್ಮೃತಿಯು ಒಂಬತ್ತನೆಯ ಅಧ್ಯಾಯದಲ್ಲಿ ಕೂಟಶಾಸನವನ್ನು ಮಾಡುವವನಿಗೆ ವಧದಂಡವನ್ನು ವಿಧಿಸುತ್ತದೆ. ಆ ಕಾಠಿನ್ಯವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಲಿಖಿತಪ್ರಮಾಣವು ಕೆಟ್ಟರೆ ಲೋಕವ್ಯವಹಾರವೇ ಕೆಡುವುದೆಂಬ ಭಯವು ಎಷ್ಟು ಪುರಾತನವಾದುದೆಂಬುದನ್ನು ಅದರಿಂದ ಊಹಿಸಬಹುದು.

ಇನ್ನೊಂದು ವಿಷಯ. ವೈಸ್ ಅವರ ಪುಸ್ತಿಕೆಗಳನ್ನು ಲೋಕವು ನಂಬಿದುದು ಪುಸ್ತಿಕೆಗಳನ್ನು ನೋಡಿಯಲ್ಲ, ವೈಸ್ ಅವರನ್ನು ನೋಡಿ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ನ್ಯಾಯಶಾಸ್ತ್ರವು ಹೇಳುತ್ತದೆ. ಆಪ್ತನೆಂದರೆ ಯಾರು? ವಾತ್ಸ್ಯಾಯನ ಭಾಷ್ಯದ ಪ್ರಕಾರ, ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನು. ಈ ಲಕ್ಷಣವು ಋಷಿ, ಆರ್ಯ, ಮ್ಲೇಚ್ಛರೆಂಬ ಭೇದವಿಲ್ಲದೆ ಎಲ್ಲರಿಗೂ ಸಮಾನ. ಇಲ್ಲಿ ಎರಡು ಅಂಗಗಳುಂಟು: ಅರಿವು ಮತ್ತು ಇಚ್ಛೆ. ವೈಸ್ ಅವರಿಗೆ ಅರಿವಿದ್ದಿತು, ಅರಿತಂತೆ ಹೇಳುವ ಇಚ್ಛೆಯಿರಲಿಲ್ಲ. ಅವರ ಪಾಂಡಿತ್ಯವೇ ಅವರ ಮೋಸಕ್ಕೆ ಉಪಕರಣವಾಯಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಉದಾಹರಣೆಯು ನಮ್ಮ ಕಾಲದ್ದು. ಗೆಲಿಲಿಯೋ 1610ರಲ್ಲಿ ವೆನಿಸ್ ನಗರದಲ್ಲಿ ಪ್ರಕಟಿಸಿದ ‘ನಕ್ಷತ್ರದೂತ’ವೆಂಬ ಗ್ರಂಥದ ಒಂದು ಪ್ರತಿಯು 2005ರಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ಚಂದ್ರನ ಅಚ್ಚಿನ ಚಿತ್ರಗಳಿಗೆ ಬದಲಾಗಿ ಗೆಲಿಲಿಯೋ ತಾನೇ ಬರೆದನೆನ್ನುವ ವರ್ಣಚಿತ್ರಗಳಿದ್ದುವು. ಬರ್ಲಿನ್ನಿನ ಕಲಾ ಇತಿಹಾಸಕಾರರಾದ ಹೋರ್ಸ್ಟ್ ಬ್ರೇಡೆಕಾಂಪ್ ಮತ್ತು ಅವರ ಸಂಗಡಿಗರು ಅದನ್ನು ದೀರ್ಘವಾಗಿ ಪರೀಕ್ಷಿಸಿ, ನಿಜವಾದುದೇ ಎಂದು 2011ರಲ್ಲಿ ಎರಡು ಸಂಪುಟಗಳನ್ನು ಪ್ರಕಟಿಸಿದರು. ಮರುವರ್ಷವೇ ನಿಕ್ ವೈಲ್ಡಿಂಗ್ ಎಂಬ ಇತಿಹಾಸಕಾರರು ಅದು ಕೃತ್ರಿಮವೆಂದು ತೋರಿಸಿದರು. ಛಾಯಾಚಿತ್ರಣದ ವಿಧಾನದಿಂದ ಮಾಡಿದ ಅಚ್ಚುಫಲಕಗಳಿಂದ ಅದನ್ನು ಈಚೆಗೆ ತಯಾರಿಸಿದ್ದರು. ಆಗ ಬರ್ಲಿನ್ನಿನ ವಿದ್ವಾಂಸರು ಮಾಡಿದುದೇನು? ಮೌನವನ್ನು ಆಶ್ರಯಿಸಲಿಲ್ಲ. ತಾವು ಎಲ್ಲಿ ತಪ್ಪಿದೆವು, ಏಕೆ ತಪ್ಪಿದೆವು ಎಂಬುದನ್ನು ವಿವರಿಸುವ ಮೂರನೆಯ ಸಂಪುಟವನ್ನು 2014ರಲ್ಲಿ ಹೊರತಂದರು. ಅವರಲ್ಲಿ ಅರಿವು ಒಂದು ಕಾಲದಲ್ಲಿ ಸಾಲದಾಯಿತು, ಇಚ್ಛೆಯು ಶುದ್ಧವಾಗಿದ್ದಿತು. ಅರಿವಿನ ಕೊರತೆಯನ್ನು ಪರಿಶ್ರಮದಿಂದ ತುಂಬಬಹುದು. ಇಚ್ಛೆಯ ಕೊರತೆಯನ್ನು ಯಾವ ಸೂಕ್ಷ್ಮದರ್ಶಕವೂ ತುಂಬಲಾರದು. ತಪ್ಪು ಮಾಡುವುದರಿಂದ ಮನುಷ್ಯನು ಅನಾಪ್ತನಾಗುವುದಿಲ್ಲ. ತಪ್ಪು ತಿಳಿದ ಮೇಲೆ ಅದನ್ನು ಕಾಪಾಡಿಕೊಳ್ಳುವುದರಿಂದ ಅನಾಪ್ತನಾಗುತ್ತಾನೆ.

ಈ ಮಾತನ್ನು ಬರೆಯುವುದು ಸುಲಭ. ನನ್ನ ಮೇಜಿನ ಮೇಲೆ ಗುರುಗಳ ನಿಘಂಟು ಬಿಚ್ಚಿಕೊಂಡಿದ್ದ ಆ ರಾತ್ರಿ ಇದು ಇಷ್ಟು ಸುಲಭವಾಗಿರಲಿಲ್ಲ.

ಸೀಸದ ಮೊಳೆಗಳಿಂದ ಅಚ್ಚಾದ ಹಳೆಯ ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಅಕ್ಷರಗಳು ಕಾಗದಕ್ಕೆ ಕಚ್ಚಿಕೊಂಡ ಉಬ್ಬುತಗ್ಗು ತಿಳಿಯುತ್ತದೆ. ನಾನು ಐವತ್ತು ಪುಟಗಳನ್ನು ಸವರಿ ನೋಡಿದೆನು, ಕನ್ನಡಿಯಂತೆ ನುಣುಪು. ಬೂದುಗಾಜಿನಲ್ಲಿ ನೋಡಿದರೆ ಅಕ್ಷರದ ಅಂಚುಗಳು ಮಂಕಾಗಿದ್ದುವು; ಸಣ್ಣ ಗೆರೆಗಳು ಅಲ್ಲಲ್ಲಿ ಕಡಿದುಹೋಗಿದ್ದುವು; ಛಾಯಾಚಿತ್ರದಿಂದ ಅಚ್ಚಾದುದರ ಲಕ್ಷಣವದು. ಮರುದಿನ ಪರಿಚಯದ ಅಂಗಡಿಯವರಿಂದ, ನೋಟುಗಳನ್ನು ಪರೀಕ್ಷಿಸುವ ನೇರಳಾತೀತ ದೀಪವನ್ನು ಎರವಲು ತಂದು ಕತ್ತಲೆಯಲ್ಲಿ ಹಿಡಿದೆನು. ಕಾಗದಕ್ಕೆ ಬಿಳುಪನ್ನು ಕೊಡಲು ಬೆರೆಸುವ ಒಂದು ಬಗೆಯ ರಾಸಾಯನಿಕವು ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. 1950ರ ಸುಮಾರಿಗೆ ಮೊದಲಿನ ಕಾಗದದಲ್ಲಿ ಅದಿರುವುದಿಲ್ಲ. ಪುಟಕ್ಕೆ ಪುಟವೇ ನೀಲಿಯಾಗಿ ಬೆಳಗಿತು. ಕೊನೆಗೆ ಮುಖಪತ್ರದ ಬುಡವನ್ನು ಅಗಲಿಸಿ ನೋಡಿದೆನು. ಅದರ ಹಿಂದೆ ಒಂದು ಹಾಳೆಯನ್ನು ಚೂಪಾದ ಅಲಗಿನಿಂದ ಕತ್ತರಿಸಿದ ಎಳೆಯಂತಹ ಅಂಚು ಉಳಿದಿದ್ದಿತು.

ಕಿಟ್ಟೆಲರ ನಿಘಂಟಿಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಥಾಪ್ರತಿ ಮುದ್ರಣಗಳಾದುವೆಂಬುದು ಎಲ್ಲರಿಗೂ ತಿಳಿದಿದೆ. ಅವುಗಳಲ್ಲಿ ಮೋಸವೇನೂ ಇಲ್ಲ. ಹಳೆಯ ಮುಖಪತ್ರವನ್ನು ಇದ್ದಂತೆಯೇ ಉಳಿಸಿ, ಪುನರ್ಮುದ್ರಣದ ವರ್ಷವನ್ನು ಬೇರೊಂದು ಪುಟದಲ್ಲಿ ಹೇಳುವುದು ವಾಡಿಕೆ. ಬಡ ವಿದ್ಯಾರ್ಥಿಗೂ ಆ ನಿಘಂಟು ದೊರೆಯುವಂತೆ ಮಾಡಿದ ಪುಣ್ಯದ ಕೆಲಸವದು. ಆದರೆ ಯಾರೋ ಒಬ್ಬರು ಆ ಒಂದು ಹಾಳೆಯನ್ನು ಕತ್ತರಿಸಿ ತೆಗೆದು, ಚರ್ಮದ ಹೊದಿಕೆಯನ್ನು ಹಾಕಿದರು. ಒಂದು ಅಕ್ಷರವನ್ನೂ ಸೇರಿಸದೆ, ಬರಿಯ ತೆಗೆದುಹಾಕುವುದರಿಂದಲೇ ಪ್ರಾಮಾಣಿಕವಾದ ಪುಸ್ತಕವೊಂದು ಸುಳ್ಳು ಸಾಕ್ಷಿಯಾಯಿತು. ನುಡಿಯಬೇಕಾದುದನ್ನು ನುಡಿಯದಿರುವುದೂ ಸುಳ್ಳೇ ಎಂಬ ನೀತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ನಾನೆಲ್ಲಿಯೂ ಕಂಡಿಲ್ಲ. ಮೊದಲ ಖಾಲಿ ಹಾಳೆಯಲ್ಲಿ, 1991ರಲ್ಲಿ ಬೆಂಗಳೂರಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಕೊಂಡುದೆಂದು ಗುರುಗಳ ಕೈಬರಹವಿದೆ. ಹಾಳೆಯನ್ನು ಕತ್ತರಿಸಿದವರು ಅವರಲ್ಲವೆಂದು ನನ್ನ ಹೃದಯವು ಹೇಳುತ್ತದೆ. ಆದರೆ ಹೃದಯದ ಮಾತು ಪ್ರಮಾಣವಲ್ಲವೆಂಬುದನ್ನು ನಾನು ಒಮ್ಮೆ ಬೆಲೆತೆತ್ತು ಕಲಿತಿದ್ದೇನೆ.

ಮಗನು ಬಂದಾಗ ಎಲ್ಲವನ್ನೂ ತೋರಿಸಿದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅಣ್ಣಾ, ನೀವು ಹೇಳದಿದ್ದರೆ ಇದು ಯಾರಿಗೆ ತಿಳಿಯುತ್ತಿತ್ತು?” ಎಂದನು. ಕೊಳ್ಳುವವರಿಗೆ ತಿಳಿಯುತ್ತಿರಲಿಲ್ಲವೆಂಬುದು ನಿಜ. ಅವರು ನನ್ನ ಪತ್ರವನ್ನು ನಂಬುತ್ತಿದ್ದರು. ನನ್ನ ಪತ್ರವು ನನ್ನ ಹಳೆಯ ಲೇಖನವನ್ನು ಆಧರಿಸುತ್ತಿದ್ದಿತು. ಆ ಲೇಖನವಾದರೋ ಯಾವುದನ್ನೂ ಆಧರಿಸಿರಲಿಲ್ಲ. ಹೀಗೆ ಶೂನ್ಯದ ಮೇಲೆ ಎರಡು ಅಂತಸ್ತು ಏಳುತ್ತಿದ್ದಿತು. “ನನಗೆ ತಿಳಿದಿದೆಯಲ್ಲಪ್ಪ” ಎಂದಷ್ಟೇ ಹೇಳಲು ನನ್ನಿಂದ ಸಾಧ್ಯವಾಯಿತು. ಅವನ ಮಗಳ ಶುಲ್ಕದ ಮುಂದೆ ಆ ಉತ್ತರವು ಬಹಳ ಸಣ್ಣದಾಗಿ ಕೇಳಿಸಿತೆಂಬುದನ್ನು ನಾನು ಮುಚ್ಚಿಡುವುದಿಲ್ಲ.

ನಾನು ಪತ್ರವೊಂದನ್ನು ಬರೆದುಕೊಟ್ಟೆನು. ಅದರಲ್ಲಿ, ಈ ಪ್ರತಿಯು 1894ರ ಮುದ್ರಣವಲ್ಲ, ಈಚಿನ ಯಥಾಪ್ರತಿ. ಹಿಂದೆ ನಾನು ಬರೆದುದು ಪರೀಕ್ಷೆಯಿಲ್ಲದೆ ಬರೆದ ತಪ್ಪು ಮಾತು ಎಂದು ಹೇಳಿದೆನು. ಇನ್ನೂ ಒಂದು ಮಾತನ್ನು ಸೇರಿಸಿದೆನು. ಆ ಪುಸ್ತಕದ ಅಂಚುಗಳಲ್ಲಿ ಗುರುಗಳು ಸೀಸದ ಕಡ್ಡಿಯಿಂದ ಬರೆದ ಟಿಪ್ಪಣಿಗಳಿವೆ. ನಮ್ಮ ಜಿಲ್ಲೆಯ ಒಕ್ಕಲಿಗರೂ ನೇಕಾರರೂ ಮನೆಯ ಹೆಂಗಸರೂ ಆಡುವ, ಕಿಟ್ಟೆಲರ ಕಿವಿಗೆ ಬೀಳದ ಮಾತುಗಳನ್ನು ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೇಳಿ, ಕೇಳಿದ ಊರಿನ ಹೆಸರಿನೊಡನೆ ಅಲ್ಲಲ್ಲಿ ಗುರುತುಹಾಕಿದ್ದಾರೆ. ಅದು ಯಾವ ಅಚ್ಚುಕೂಟದಲ್ಲಿಯೂ ಅಚ್ಚಾಗಿಲ್ಲ. ಅದರ ಮೊದಲ ಪ್ರತಿಯೂ ಅದೇ, ಕೊನೆಯ ಪ್ರತಿಯೂ ಅದೇ. ಗುರುಗಳ ನಗುವಿನ ಅರ್ಥವು ಬಹುಶಃ ಇದಾಗಿದ್ದಿರಬಹುದು: ಬಂದವರೆಲ್ಲರೂ ಮುಖಪತ್ರದ ವರ್ಷವನ್ನು ನೋಡಿದರು, ಅಂಚನ್ನು ಯಾರೂ ಓದಲಿಲ್ಲ. ಆ ಯಾರೂ ಎಂಬುದರಲ್ಲಿ ನಾನೂ ಸೇರಿದವನು.

ಈ ಟಿಪ್ಪಣಿಗಳಿಗೆ ಸಂಗ್ರಾಹಕರ ಪೇಟೆಯಲ್ಲಿ ಬೆಲೆಯಿಲ್ಲ. ಮಾರಾಟವು ನಿಂತುಹೋಯಿತು. ಶುಲ್ಕಕ್ಕೆ ಅವನು ಸಾಲಮಾಡಿದನೆಂದು ಬೇರೆಯವರಿಂದ ಕೇಳಿದೆನು. ನಾನು ಕೊಡಲು ಹೋದ ಹಣವನ್ನು ಅವನು ಮುಟ್ಟಲಿಲ್ಲ. ಮೊದಲಿನಂತೆ ಅವನು ನಮ್ಮ ಮನೆಗೆ ಬರುವುದಿಲ್ಲ. ಸತ್ಯವನ್ನು ಹೇಳಿದವನಿಗೆ ಕೂಡಲೇ ಶುಭವಾಗುವುದೆಂದು ಕಥೆಗಳಲ್ಲಿ ಓದುತ್ತೇವೆ. ನನ್ನ ಅನುಭವವು ಹಾಗಿಲ್ಲ. ನಾನು ಮೊದಲೇ ಪರೀಕ್ಷಿಸಿ ಬರೆದಿದ್ದರೆ ಅವನು ಆ ಪುಸ್ತಕದ ಮೇಲೆ ಆಸೆಯನ್ನೇ ಕಟ್ಟುತ್ತಿರಲಿಲ್ಲ. ಆದುದರಿಂದ ಅವನಿಗಾದ ನೋವಿಗೆ ಕಾರಣವು ನಾನು ಕೊನೆಗೆ ಹೇಳಿದ ಸತ್ಯವಲ್ಲ, ಮೊದಲು ಹೇಳಿದ ಅಜಾಗರೂಕವಾದ ಹೊಗಳಿಕೆ. ಪ್ರೀತಿಯಿಂದ ಹೇಳಿದ ಮಾತಿಗೆ ಪರೀಕ್ಷೆ ಬೇಡವೆಂದು ನಾವು ತಿಳಿಯುತ್ತೇವೆ. ಆದರೆ ಪ್ರೀತಿಯ ಮಾತನ್ನೇ ಜನರು ಹೆಚ್ಚಾಗಿ ನಂಬುವುದರಿಂದ ಅದಕ್ಕೇ ಹೆಚ್ಚಿನ ಪರೀಕ್ಷೆ ಬೇಕು.

ಅಭಿನಂದನ ಸಂಪುಟದ ಪ್ರತಿಗಳು ನಮ್ಮ ಜಿಲ್ಲೆಯ ಹಲವು ಮನೆಗಳಲ್ಲಿವೆ. ಅವುಗಳನ್ನು ಇಟ್ಟುಕೊಂಡಿರುವ ವಾಚಕರು ದಯಮಾಡಿ, ನನ್ನ ಲೇಖನದಲ್ಲಿ ನಿಘಂಟಿನ ವಿಷಯವಾಗಿರುವ ಆ ಒಂದು ವಾಕ್ಯವನ್ನು ಹೊಡೆದುಹಾಕಬೇಕೆಂದು ಬೇಡುತ್ತೇನೆ. ಹಾಳೆಯನ್ನು ಕತ್ತರಿಸಬೇಡಿರಿ. ಗೆರೆ ಎಳೆದು, ಪಕ್ಕದಲ್ಲಿ ತಪ್ಪೆಂದು ಬರೆದರೆ ಸಾಕು. ಮುಂದೆ ಓದುವವರಿಗೆ ತಪ್ಪೂ ಕಾಣಲಿ, ತಿದ್ದಿದುದೂ ಕಾಣಲಿ.